ಟೀಚರಮ್ಮನ ಮೇಲಿನ ಹೊಟ್ಟೆಕಿಚ್ಚು

ಮಗನ ಆನ್‌ಲೈನ್ ಕ್ಲಾಸಿಗೆ ಅಂತ ಫೋನ್ ತೆಗೆದರೆ ಸಾಕು, ಚಿಂತಾಮಣಿಯ ನಮ್ಮ ಮನೆಯಲ್ಲಿ ಯಾರಿಗಾದರೂ ಒಬ್ಬರಿಗೆ ಹೊಟ್ಟೆ ಉರಿಯಲು ಶುರುವಾಗುತ್ತದೆ. ಮಗನಿಗೆ ನಾಲ್ಕು ವರ್ಷ. ಆಟಿಸಂ ಇದೆ, ಮಾತು ಬಂದಿರಲಿಲ್ಲ. ಇಂಥ ಮಕ್ಕಳ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಿಸಬೇಕು ಅಂತ ಚಿಕ್ಕಬಳ್ಳಾಪುರದ ಟೀಚರೊಬ್ಬರು ನಮ್ಮಂಥ ನಾಲ್ಕೈದು ಮನೆಯವರಿಗೆ ಫೋನಿನಲ್ಲೇ ಕಲಿಸುತ್ತಾರೆ.

೧. ಕರೆದರೆ ತಿರುಗಲ್ಲ

ಮೊದಲು ಉರಿದದ್ದು ನನಗೇ. ನಾನು ದಿನವಿಡೀ ಕೂಗಿದರೂ ತಿರುಗದ ಮಗ, ಟೀಚರ್ ಫೋನಿನೊಳಗಿಂದ ಮೆಲ್ಲಗೆ “ಪುಟ್ಟಾ” ಅಂದರೆ ಓಡಿಬಂದು ಪರದೆಗೆ ಮೂಗು ತಾಗಿಸಿ ನಗುತ್ತಿದ್ದ. ಹೆತ್ತವಳು ನಾನು, ನಗು ಅವರಿಗೆ! ಅತ್ತೆಯ ಹತ್ತಿರ ಹೇಳಿಕೊಂಡು ಅತ್ತುಬಿಟ್ಟೆ.

“ಅಲ್ಲಮ್ಮಾ, ಆಯಮ್ಮ ಕರೆಯೋದು ಆಟಕ್ಕೆ. ನೀನು ಕರೆಯೋದು ತಲೆಗೆ ನೀರು ಹಾಕೋಕೆ,” ಅಂದರು ಅವರು. “ನೀನು ಕರೆದರೆ ನಾನೇ ತಿರುಗಲ್ಲ.”

೨. ಬೈ ಬೈ

ಕ್ಲಾಸಿನಲ್ಲಿ ಗೌರಿಬಿದನೂರಿನ ತಾಯಿಯೊಬ್ಬರಿದ್ದಾರೆ. ಅವರ ಮಗಳು ಕ್ಲಾಸ್ ಮುಗಿದಾಗ ಕೈ ಬೀಸಿ ಬೈ ಮಾಡಲು ಕಲಿತಳು. “ನಮ್ಮ ಪಾಪು ಈಗ ಹಾಲಿನವನಿಗೂ ಬೈ ಮಾಡ್ತಾಳೆ,” ಅಂತ ಅವರು ಹೇಳಿದ ದಿನ ನನಗೆ ಅನ್ನ ಸೇರಲಿಲ್ಲ.

ವಾರವಿಡೀ ಮಗನಿಗೆ ಕೈ ಬೀಸುವುದು ಹೇಳಿಕೊಟ್ಟೆ. ಮುಂದಿನ ಕ್ಲಾಸಿನ ಕೊನೆಗೆ, “ಎಲ್ರೂ ನೋಡಿ, ನಮ್ಮವನೂ ಬೈ ಮಾಡ್ತಾನೆ,” ಅಂತ ಅವನನ್ನು ಮುಂದೆ ಕೂರಿಸಿದೆ. ಅವನು ಪರದೆ ನೋಡಿದ, ಕೆಂಪು ಬಟನ್ ಒತ್ತಿ ಕಾಲ್ ಕಟ್ ಮಾಡಿ ಎದ್ದು ಹೋದ.

ಟೀಚರ್ ಮೆಸೇಜ್ ಬಂತು: “ಬೈ ಅಂದ್ರೆ ಏನು ಅಂತ ಸರಿಯಾಗಿ ಅರ್ಥ ಆಗಿರೋದು ಇವನೊಬ್ಬನಿಗೇ.”

೩. ಅಜ್ಜಿಯ ಗುಳ್ಳೆ

ಆಮೇಲೆ ಅತ್ತೆಯ ಸರದಿ. ಟೀಚರ್ ಸೋಪಿನ ಗುಳ್ಳೆ ಊದಿದರೆ ಮೊಮ್ಮಗ ಕುಣಿಯುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. “ಆಯಮ್ಮನ ಗುಳ್ಳೆ ಫೋನ್ ಬಿಟ್ಟು ಆಚೆ ಬರುತ್ತಾ?” ಅಂತ ಸೋಪು ಕದಡಿ, ಪರಂಗಿ ಎಲೆಯ ಕೊಳವೆ ತಂದು ಊದಿದರು. ಗುಳ್ಳೆ ಒಡೆದ ಕೂಡಲೇ ಮೊಮ್ಮಗ ಅವರ ಕೈ ಹಿಡಿದು ಕೊಳವೆಯನ್ನು ಮತ್ತೆ ಅವರ ಬಾಯಿಗೆ ತಂದ.

“ಇನ್ನೂ ಬೇಕು ಅಂತ ಕೇಳ್ತಿದ್ದಾನೆ! ಮಾತು ಶುರುವಾಗೋದೇ ಹೀಗೆ!” ಅಂತ ಟೀಚರ್ ಚಪ್ಪಾಳೆ ತಟ್ಟಿದರು.

ಅತ್ತೆ ಫೋನಿಗೆ ಬಗ್ಗಿ ಅಂದರು: “ಏನಾದ್ರೂ ಡೌಟ್ ಇದ್ರೆ ಕೇಳಮ್ಮ, ಹೇಳ್ಕೊಡ್ತೀನಿ.”

೪. ಮೊದಲ ಮಾತು

ಒಂದು ಬೆಳಗ್ಗೆ ಮಗ “ಮ್ಮ” ಅಂದ. ಅದು ‘ಅಮ್ಮ’ ಅಂತ ನಾನು. ‘ಅಜ್ಜಮ್ಮ’ ಅಂತ ಅತ್ತೆ. “ಅವನು ‘ಪ್ಪ’ ಅಂದಿದ್ದು, ನಿಮಗೆ ಸರಿಯಾಗಿ ಕೇಳಿಸಿಲ್ಲ,” ಅಂತ ನನ್ನ ಗಂಡ. ಜಗಳ ಕ್ಲಾಸಿಗೇ ಹೋಯಿತು. ಫೋನಿನ ಮುಂದೆ ಮೂವರೂ “ನನ್ನನ್ನ ಕರಿ ಕಂದಾ, ನನ್ನನ್ನ ಕರಿ” ಅಂತ ಮುಗಿಬಿದ್ದೆವು. ಕ್ಲಾಸಿನ ಶಿಡ್ಲಘಟ್ಟದ ತಾಯಿಯೊಬ್ಬರು ನನ್ನ ಪರ, ಗೌರಿಬಿದನೂರಿನವರು ಅತ್ತೆಯ ಪರ. ಸಂತೆಯೇ ಸಂತೆ.

ಮಗ ಎರಡೂ ಕಿವಿ ಮುಚ್ಚಿಕೊಂಡ. ಗಲಾಟೆಯಾದಾಗಲೆಲ್ಲ ಟೀಚರ್ ಹೇಳುವ ಮಾತನ್ನು ಅವರದೇ ದನಿಯಲ್ಲಿ, ಸ್ಪಷ್ಟವಾಗಿ ಅಂದ: “ಎಲ್ರೂ ಮ್ಯೂಟ್ ಮಾಡ್ಕೊಳ್ಳಿ!”

ಮನೆಯೆಲ್ಲ ಗಪ್‌ಚುಪ್. ಗಂಡ ಅವನನ್ನೇ ನೋಡುತ್ತ ಕೂತುಬಿಟ್ಟರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನನಗೆ ಅಳು, ನಗು ಎರಡೂ. ಮೊದಲ ಮಾತೂ ಟೀಚರದ್ದೇ ಆಯಿತಲ್ಲ ಅಂತ ಅಷ್ಟು ಖುಷಿಯಲ್ಲೂ ಒಂದು ಚೂರು ಉರಿ.

ಪರದೆ ನೋಡಿದರೆ, ಟೀಚರ್ ಕಣ್ಣೊರೆಸಿಕೊಳ್ಳುತ್ತ, ಕೈ ಆಡಿಸುತ್ತ ಏನೇನೋ ಹೇಳುತ್ತಿದ್ದಾರೆ. ಒಂದಕ್ಷರವೂ ಕೇಳಿಸುತ್ತಿಲ್ಲ.

ಅವನು ಹೇಳಿದ ತಕ್ಷಣ ಅವರೂ ಮ್ಯೂಟ್ ಮಾಡಿಕೊಂಡುಬಿಟ್ಟಿದ್ದರು!