ರಾಹುಕಾಲದ ವೋಚರು

ಮಂಗಳವಾರ ಬೆಳಿಗ್ಗೆ ಎದುರು ಮೇಜಿನ ಸೋಮಲಿಂಗಪ್ಪ ಹೊಸ ಶರ್ಟು ತೊಟ್ಟು, ಪೇಢೆ ಡಬ್ಬಿ ಹಿಡಿದು ಬಂದದ್ದೇ ವೆಂಕಟಗಿರಿಯ ತಲೆಗೆ ಹುಳ ಬಿಟ್ಟಿತು.

ಕಾರಣವಿತ್ತು ಅನ್ನಿ. ರಾಜಾಜಿನಗರದ ಆ ಕಚೇರಿಯಲ್ಲಿ ಪಾಲಿಕೆಯ ಸಾಮಾನ್ಯ ನಿಧಿಯ ಲೆಕ್ಕ ಸೋಮಲಿಂಗಪ್ಪನದು. ರಸ್ತೆಗೆಂದು ಬಾಂಡ್ ಮಾರಿ ಎತ್ತಿದ ಸಾಲವನ್ನು ತೀರಿಸುವ ನಿಧಿ ವೆಂಕಟಗಿರಿಯದು. ಅವನ ನಿಧಿಯಿಂದ ಇವನ ನಿಧಿಗೆ ಎರಡು ಕೋಟಿ ಬಂದು, ಇವತ್ತು ನಾಲ್ಕು ಗಂಟೆಯೊಳಗೆ ಬಾಂಡ್ ಕೊಂಡವರಿಗೆ ಕಂತು ಹೋಗಬೇಕು. ತಪ್ಪಿದರೆ ಪಾಲಿಕೆಯ ಮಾನದ ಜೊತೆ ವೆಂಕಟಗಿರಿಯ ಬಡ್ತಿಯೂ ಹರಾಜು. ಸೋಮಲಿಂಗಪ್ಪನ ಪುಸ್ತಕದಲ್ಲಿ ನೋಡಿದರೆ ದುಡ್ಡು ಶುಕ್ರವಾರವೇ ಹೊರಟಿದೆ. ವೆಂಕಟಗಿರಿಯ ಪುಸ್ತಕಕ್ಕೆ ಬಂದೇ ಇಲ್ಲ, ಅದರ ವೋಚರೂ ಕಾಣುತ್ತಿಲ್ಲ!

"ಹೇರೋಹಳ್ಳೀಲಿ ಮನೆ ಕಟ್ಟಿಸ್ತಾ ಇದಾರಂತೆ ಸಾರ್, ಮೊನ್ನೆ ತಾನೇ ಮೋಲ್ಡ್ ಹಾಕಿದ್ರಂತೆ," ಎಂದು ಪಕ್ಕದ ಮೇಜಿನ ರಾಗಿಣಿ ಪೇಢೆ ಬಾಯಿಗೆ ಹಾಕಿಕೊಂಡಳು. ವೆಂಕಟಗಿರಿ ಮಾತ್ರ ಶುಗರ್ ಅಂತ ಸುಳ್ಳು ಹೇಳಿ ಪೇಢೆ ಮುಟ್ಟಲಿಲ್ಲ.

ನೇರವಾಗಿ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ಕಳ್ಳ ಹುಷಾರಾಗುತ್ತಾನಲ್ಲ! ಪಂಚಾಂಗ ನೋಡದೆ ಸಹಿ ಕೂಡ ಹಾಕದ ಪ್ರಾಣಿ ವೆಂಕಟಗಿರಿ, ರಾಹುಕಾಲ ಮೂರಕ್ಕೆ ತಾನೇ ಎಂದು ಧೈರ್ಯ ತಂದುಕೊಂಡು, ಗುರುತು ಸಿಗದಂತೆ ಎಡಗೈಯಲ್ಲಿ ಒಂದು ಮೂಗರ್ಜಿ ಗೀಚಿದ. 'ಎರಡು ಕೋಟಿಯ ವೋಚರು ಮಾಯ. ಬಚ್ಚಿಟ್ಟವನನ್ನು ಹಿಡಿಯಿರಿ.' ಜೆಲ್ ಪೆನ್ನಿನ ಇಂಕು ಅಂಗೈ ಅಂಚಿಗೆಲ್ಲ ಮೆತ್ತಿಕೊಂಡಿತು. ಯಾರೂ ಕಾಣದಂತೆ ಸಾಹೇಬರ ದೂರು ಪೆಟ್ಟಿಗೆಗೆ ಹಾಕಿಬಂದ. ನಮ್ಮ ಕಚೇರಿಗಳಲ್ಲಿ ಬೇರೆ ಕಾಗದ ತೆವಳುತ್ತದೆ, ಮೂಗರ್ಜಿ ಹಾರುತ್ತದೆ.

ಮೂರೂಕಾಲಿಗೆ ಅದು ಹಾರಿಬಂದದ್ದು ಸೋಮಲಿಂಗಪ್ಪನ ಕೈಗೆ. ಅವನು ಅದನ್ನು ಹಿಡಿದು ವೆಂಕಟಗಿರಿಯ ಮುಂದೆ ಕೂತ.

"ಇವತ್ತ ನನ್ನ ವಿಜಿಲೆನ್ಸಿಗೆ ಹಾಕ್ಯಾರ್ರೀ, ಬಡ್ತಿ ಮ್ಯಾಲೆ. ಪೇಢೆ ಅದಕ್ಕ ತಂದಿದ್ದೆ. ಇದು ನನ್ನ ಮೊದಲನೇ ಕೇಸು. ಆ ವೋಚರು ಶುಕ್ರವಾರ ನಿಮಗ ಕೊಟ್ಟಿದ್ನಲ್ಲ? ರಾಹುಕಾಲ, ಆಮ್ಯಾಲೆ ಸಹಿ ಹಾಕ್ತೀನಿ ಅಂತ ಪಂಚಾಂಗದಾಗ ಇಟ್ರಿ."

ವೆಂಕಟಗಿರಿ ಡ್ರಾಯರಿನಿಂದ ಪಂಚಾಂಗ ತೆಗೆದು ಕೊಡವಿದ. ಹಾಳೆಗಳ ನಡುವಿನಿಂದ ಎರಡು ಕೋಟಿ ಸದ್ದಿಲ್ಲದೆ ಮೇಜಿನ ಮೇಲೆ ಬಿತ್ತು.

ನಾಲ್ಕಕ್ಕೆ ಕಂತು ಹೋಗಬೇಕು. ರಾಹುಕಾಲ ಮುಗಿಯುವುದು ನಾಲ್ಕೂವರೆಗೆ. ವಿಧಿಯಿಲ್ಲ. ವೋಚರನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಕಣ್ಣು ಮುಚ್ಚಿ ಸಹಿ ಹಾಕಿಯೇಬಿಟ್ಟ. ಹತ್ತು ನಿಮಿಷ ಬಾಕಿ ಇರುವಾಗ ಕಂತು ಹೋಯಿತು.

ಅಬ್ಬಾ, ಬಡ್ತಿ ಉಳಿಯಿತು ಎಂದು ಕುರ್ಚಿಗೆ ಒರಗಿದ. ಸೋಮಲಿಂಗಪ್ಪ ಮಾತ್ರ ಎದ್ದಿರಲಿಲ್ಲ. ವೆಂಕಟಗಿರಿಯ ಎಡ ಅಂಗೈಗೆ ಮೆತ್ತಿದ್ದ ಇಂಕನ್ನು ಒಮ್ಮೆ, ಮೂಗರ್ಜಿಯನ್ನು ಒಮ್ಮೆ ನೋಡಿ, ಬಿಳಿ ಹಾಳೆಯೊಂದನ್ನು ಮುಂದೆ ಸರಿಸಿದ.

"ವೋಚರು ಬಚ್ಚಿಟ್ಟವರದು ಒಂದು ಹೇಳಿಕೆ ಬೇಕಲ್ರೀ. ಬರೀರಿ," ಎಂದ. "ಈ ಸಲ ಬಲಗೈಲೇ ಬರೀರಿ."