ಒಂದು ಬಿಸಿ ರೊಟ್ಟಿಯ ಮಂಜೂರಾತಿ ಕೋರಿ

ಇಂದ,
ಶಾಂತಕುಮಾರಿ,
ಅಡುಗೆಮನೆ ವಿಭಾಗ,
ಎಂ.ಸಿ.ಸಿ. ‘ಬಿ’ ಬ್ಲಾಕ್, ದಾವಣಗೆರೆ.

ಗೆ,
ಮನೆಯ ಯಜಮಾನರು, ನಿವೃತ್ತ ಕಚೇರಿ ಅಧೀಕ್ಷಕರು
(ಗಂಡನ ಹೆಸರು ಹೇಳುವ ರೂಢಿಯಿಲ್ಲ, ಗೇಟಿನ ಫಲಕ ನೋಡಿಕೊಳ್ಳುವುದು),
ನಡುಮನೆಯ ಸೋಫಾ, ಅದೇ ವಿಳಾಸ.

ವಿಷಯ: ನನಗೊಂದು ಬಿಸಿ ಜೋಳದ ರೊಟ್ಟಿ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ: ನಿನ್ನೆ ಭಾನುವಾರ ಅತಿಥಿಗಳನ್ನು ಗೇಟಿನವರೆಗೆ ಕಳಿಸುತ್ತಾ ತಾವು ಹೊರಡಿಸಿದ ಮೌಖಿಕ ಆದೇಶ: “ಮುಂದಿನ ಭಾನುವಾರನೂ ಬರ್ರಿ.”

ಮಾನ್ಯರೇ,

ತಾವು ಬಾಯಿಮಾತನ್ನು ಕಿವಿಗೆ ಹಾಕಿಕೊಳ್ಳದೆ ಕಾಗದವನ್ನು ಮಾತ್ರ ಓದುವವರಾದ ಕಾರಣ, ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. “ಚಳಿಗಾಲದಾಗೆ ಚಳಿಗಾಲದ್ದೇ ತಿನ್ಬೇಕು, ನಮ್ಮೂರ ಮಾರ್ಕೆಟ್ಟಿಂದೇ ತಿನ್ಬೇಕು” ಎಂದು ಯಾವುದೋ ವಿಡಿಯೊ ನೋಡಿ ಘೋಷಿಸಿದ ತಾವು, ಲೋಕಿಕೆರೆಯ ಮುಳುಗಾಯಿ (ಬದನೆಕಾಯಿ) ಎರಡು ಕೆ.ಜಿ. ತಂದಿರಿ. ಅರ್ಧಕ್ಕರ್ಧ ಹುಳ. ಕೇಳಿದ್ದಕ್ಕೆ, “ಹುಳ ಐತೆ ಅಂದ್ರೆ ಔಷಧಿ ಹೊಡ್ದಿಲ್ಲ ಅಂತ” ಎಂದಿರಿ. ತರಕಾರಿ ಅಂಗಡಿಯ ಗೌಸ್ ಪೀರ್ ಅವರು ಫೋನಿನಲ್ಲಿ, “ನಾ ಬ್ಯಾಡ ಅಂದೆ ಅಕ್ಕಾ, ಸಾಹೇಬ್ರು ತಾವೇ ಆರಿಸ್ಕಂಡ್ರು” ಎಂದು ಹೇಳಿಕೆ ನೀಡಿರುತ್ತಾರೆ.

೨. ಆದ್ದರಿಂದ ಉಳಿದ ಕಾಯಿಗಳ ಎಣ್ಣೆಗಾಯಿ, ಹಸಿ ಕಡಲೆಕಾಳಿನ ಪಲ್ಯ, ಶೇಂಗಾ ಚಟ್ನಿ ಮಾಡಿ ಇಪ್ಪತ್ತೆಂಟು ರೊಟ್ಟಿ ಬಡಿದೆ. ಹರಿಹರದ ತಮ್ಮ ಗೆಳೆಯ ವಾಮದೇವಪ್ಪನವರು ಒಬ್ಬರೇ ಒಂಬತ್ತು ಉಂಡರು. ಅವರ ಮೇಲೆ ದೂರಿಲ್ಲ. ಪಾಪ, “ನೀವೂ ಕೂಡ್ರಿ ತಂಗಿ” ಎಂದವರು ಅವರೊಬ್ಬರೇ. ತಾವು ನನ್ನ ಪರವಾಗಿ, “ಅವಳು ಆಮೇಲೆ ಉಣ್ತಾಳೆ, ನೀವು ನಾಚ್ಕಬ್ಯಾಡ್ರಿ, ಒಳಗೆ ಬೇಕಾದಷ್ಟೈತೆ” ಎಂದು ಉತ್ತರಿಸಿದಿರಿ. ಒಳಗಿದ್ದದ್ದು ಒಂದು ರೊಟ್ಟಿ. ಅದನ್ನೂ ತಾವೇ ಕೂಗಿ ತರಿಸಿಕೊಂಡಿರಿ. ಅಡುಗೆಯನ್ನು ಹೊಗಳಿದಾಗ “ಎಲ್ಲಾ ನಾನೇ ಆರಿಸಿ ತಂದಿದ್ದು” ಎಂದು ಮೀಸೆ ಒರೆಸಿಕೊಂಡಿರಿ.

೩. ರೊಟ್ಟಿ ಬಡಿದವಳು ಕಡೆಗೆ ಉಣ್ಣಬೇಕೆಂಬ ನಿಯಮ ಯಾವ ಸುತ್ತೋಲೆಯಲ್ಲೂ ಕಂಡುಬಂದಿಲ್ಲ. ಆದರೂ ಮೂವತ್ತೊಂದು ವರ್ಷ ಪಾಲಿಸಿದ್ದೇನೆ. ಹಂಚಿನಿಂದ ನೇರ ತಟ್ಟೆಗೆ ಬಿದ್ದ ಉಬ್ಬಿದ ರೊಟ್ಟಿ ನಾನು ಕೊನೆಯ ಸಲ ಉಂಡದ್ದು ಮದುವೆಗೆ ಮುಂಚೆ, ಕೊಂಡಜ್ಜಿಯಲ್ಲಿ, ನಮ್ಮವ್ವನ ಕೈಯಿಂದ. ನೆನೆದರೆ ಹೊಟ್ಟೆ ಉರಿಯುತ್ತದೆ, ಮಾನ್ಯರೇ.

ಆದ್ದರಿಂದ, ಮುಂದಿನ ಭಾನುವಾರ ನಾನು ಅತಿಥಿಗಳ ಜೊತೆಗೇ ಕೂರಲು ಅನುಮತಿ ನೀಡಿ, ತಾವೇ ಬಡಿದ ಒಂದು ರೊಟ್ಟಿಯನ್ನು ಬಿಸಿಯಿರುವಾಗಲೇ ನನ್ನ ತಟ್ಟೆಗೆ ಹಾಕಬೇಕಾಗಿ ಕೋರುತ್ತೇನೆ. ದುಂಡಗಿರಬೇಕೆಂಬ ಷರತ್ತಿಲ್ಲ. ಹರಿಹರ ತಾಲ್ಲೂಕಿನ ನಕ್ಷೆಯಂತಿದ್ದರೂ ಸ್ವೀಕರಿಸಲಾಗುವುದು.

ಇವತ್ತಿನವರೆಗೆ ತಮ್ಮ ವಿಶ್ವಾಸಿ,
ಶಾಂತಕುಮಾರಿ

ಅಡಕಗಳು:
೧. ಹುಳುಕು ಮುಳುಗಾಯಿ, ಏಳು (ಮುಚ್ಚಿದ ಡಬ್ಬಿಯಲ್ಲಿ).
೨. ನಿನ್ನೆ ನನ್ನ ಪಾಲಿಗೆ ಉಳಿದ ಎಣ್ಣೆಗಾಯಿ: ತೊಟ್ಟು, ಒಂದು.

ವಿ.ಸೂ.: ಮಂಜೂರಾತಿ ಬರುವವರೆಗೆ ಈ ವಿಭಾಗ ಮುಚ್ಚಿರುತ್ತದೆ. ಜೋಳದ ಹಿಟ್ಟು ನೀಲಿ ಡಬ್ಬಿಯಲ್ಲಿದೆ. ದಯವಿಟ್ಟು ಬಿಸಿನೀರಿನಲ್ಲೇ ಕಲಸುವುದು. ತಣ್ಣೀರಾದರೆ ರೊಟ್ಟಿ ಬಿರಿಯುತ್ತದೆ, ಅರ್ಜಿ ಪುನಃ ಸಲ್ಲಿಸಲಾಗುವುದು.