ಮೀನಿನ ತೊಟ್ಟಿಗೆ ಮೇಲುಗೊಬ್ಬರ

ಆಲೂಗಡ್ಡೆ ಬೆಳೆಯುವ ಮನೆಯಲ್ಲಿ ಹುಟ್ಟಿದವನಿಗೆ ಯಾರಾದರೂ ಗೊಬ್ಬರದ ಪಾಠ ಹೇಳಿಕೊಡಬೇಕೇ? ಈ ಮಹಾ ಆತ್ಮವಿಶ್ವಾಸದೊಂದಿಗೆ ನಾನು ಅಕ್ಕನ ಅಕ್ವೇರಿಯಂ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಅಕ್ಕ ಗೆಳತಿಯ ಮದುವೆಗೆಂದು ಚನ್ನರಾಯಪಟ್ಟಣಕ್ಕೆ ಹೋಗಿದ್ದಳು. ಹೊರಡುವಾಗ ಗಾಜಿನ ತೊಟ್ಟಿಯೊಳಗಿನ ಬಸುರಿ ಗಪ್ಪಿ ಮೀನನ್ನು ತೋರಿಸಿ, "ಅವ್ಳಿಗೇನಾದ್ರೂ ಆಯ್ತು ಅಂದ್ರೆ ನೀನು ಈ ಮನೇಲಿರಲ್ಲ ಕಣ್ಲಾ" ಎಂದು ಆಶೀರ್ವದಿಸಿದ್ದಳು. ಮೀನು ಚೆನ್ನಾಗಿಯೇ ಇತ್ತು. ತೊಟ್ಟಿಯೊಳಗಿನ ಗಿಡಗಳದ್ದೇ ಚಿಂತೆ. ಎಲೆಗಳು ಹಳದಿಗೆ ತಿರುಗಿದ್ದವು.

ಅಪ್ಪನನ್ನು ಕರೆದೆ. ಅಪ್ಪ ಹೊಲ ನೋಡುವ ಗತ್ತಿನಲ್ಲೇ ತೊಟ್ಟಿ ನೋಡಿ, "ಅಸಿವಾಗ್ಯದೆ ಕಣ್ಲಾ ಪೈರ್ಗೆ. ವಸಿ ಮೇಲ್ಗೊಬ್ರ ಬಿದ್ರೆ ಎದ್ಬುಡ್ತದೆ" ಎಂದು ತೀರ್ಪು ಕೊಟ್ಟು ಹೊರಟ.

ವಸಿ ಎಂದರೆ ಅಪ್ಪನ ಲೆಕ್ಕದಲ್ಲಿ ಒಂದು ಹಿಡಿ. ನಾನು ಉದಾರಿ. ಎರಡು ಹಿಡಿ ಡಿಎಪಿ ಹಾಕಿದೆ! ಆಲೂಗಡ್ಡೆಗೆ ಗೊಬ್ಬರ ಕೊಟ್ಟ ಮೇಲೆ ಬುಡಕ್ಕೆ ಮಣ್ಣೇರಿಸುವುದು ನಮ್ಮ ಪದ್ಧತಿ. ಪದ್ಧತಿ ಬಿಡಲಾದೀತೇ? ತೊಟ್ಟಿಯ ತಳವನ್ನು ಚಮಚದಲ್ಲಿ ಕೆದಕಿ ಒಂದೊಂದು ಗಿಡಕ್ಕೂ ಶಾಸ್ತ್ರೋಕ್ತವಾಗಿ ಮಣ್ಣೇರಿಸಿದೆ.

ನೀರು ಗಟ್ಟಿ ಚಹಾ ಆಯಿತು. ಮೀನುಗಳೆಲ್ಲ ಮೇಲೆ ಬಂದು ಬಾಯಿಬಾಯಿ ಬಿಡತೊಡಗಿದವು. ಬಸುರಿಯೂ!

ಹಾಸನದ ಅಕ್ವೇರಿಯಂ ಅಂಗಡಿಯವರನ್ನು ಕೇಳೋಣವೆಂದರೆ, ಅವರು ಅಕ್ಕನಿಗೆ ಬಲು ಪರಿಚಯ. ನನ್ನ ಹೆಸರು ಹೇಳಿದರೆ ಅವಳಿಗೆ ಸುದ್ದಿ ಮುಟ್ಟಿದಂತೆಯೇ. ಆದರೆ ಅಕ್ಕನೇ ಫೋನ್ ಮಾಡಿದರೆ? ಆಗ ಚಾಡಿ ಹೇಳುವುದು ಯಾರಿಗೆ! ಊರಿನವರೆಲ್ಲರ ಧ್ವನಿ ಅನುಕರಿಸಿ ನಗಿಸುವ ಕಲಾವಿದನಿಗೆ ಅಕ್ಕನ ಧ್ವನಿ ಯಾವ ಲೆಕ್ಕ?

ಗಂಟಲು ಸಣ್ಣ ಮಾಡಿಕೊಂಡೆ. "ಅಣ್ಣಾ, ನಾನು ಅರಕಲಗೂಡಿನ ಸುಮಾ. ನನ್ ತಮ್ಮ ಒಬ್ಬವ್ನೆ, ಶುದ್ಧ ದಡ್ಡ. ಟ್ಯಾಂಕಿಗೆ ಡಿಎಪಿ ಸುರ್ದ್ಬುಟ್ಟವ್ನೆ. ಏನ್ಮಾಡ್ಲಿ?"

ಅಂಗಡಿಯವರು ಮೆಲ್ಲಗೆ ಕೇಳಿದರು: "ನೀವು ಸುಮಾ ಆದ್ರೆ, ಇಲ್ಲಿ ಗಿಡದ ಟಾನಿಕ್ ಹಿಡ್ಕೊಂಡು ನನ್ನೆದ್ರು ನಿಂತಿರೋರು ಯಾರಮ್ಮಾ?"

ಮದುವೆ ಮುಗಿಸಿ ಬರುವ ದಾರಿಯಲ್ಲಿ ಅಕ್ಕ ಹಾಸನದಲ್ಲಿ ಇಳಿದಿದ್ದಳು! ಫೋನು ಅವಳ ಕೈಗೆ ಹೋಯಿತು.

"ಲೇ! ಮೊದ್ಲು ಮೀನೆಲ್ಲಾ ಎತ್ತಿ ಬಕೆಟ್ಟಿಗೆ ಬಿಡು. ಬೋರ್ ನೀರು, ನಲ್ಲಿ ನೀರಲ್ಲ! ಓಡ್ಲಾ!"

"ಆಯ್ತು ಕಣಕ್ಕಾ" ಎಂದೆ, ಗಾಬರಿಯಲ್ಲಿ ಇನ್ನೂ ಅವಳದೇ ಧ್ವನಿಯಲ್ಲಿ.

ಸಂಜೆ ಅಕ್ಕ ಬರುವ ಹೊತ್ತಿಗೆ ಮೀನುಗಳೆಲ್ಲ ಬದುಕಿದ್ದವು. ಬಸುರಿ ಬಾಣಂತಿಯಾಗಿದ್ದಳು. ಬಕೆಟ್ಟಿನ ತುಂಬ ಜೀರಿಗೆ ಗಾತ್ರದ ಮರಿಗಳು. ಅಕ್ಕ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಬೈಗುಳ ಬೀಳಲಿಲ್ಲ. ನನಗೆ ಧೈರ್ಯ ಬಂತು.

"ಅಕ್ಕಾ, ಧ್ವನಿಯಾದ್ರೂ ನಿನ್ ಥರಾನೇ ಇತ್ತಲ್ವಾ?"

ಅವಳು ತಲೆಯೆತ್ತಲಿಲ್ಲ. "ಒಂಚೂರೂ ಇರ್ನಿಲ್ಲ. ತಮ್ಮ ಶುದ್ಧ ದಡ್ಡ ಅಂದ್ಯಲ್ಲಾ, ಅದೊಂದ್ ಮಾತ್ರ ನಾನೇ ಅಂದಂಗಿತ್ತು ಕಣ್ಲಾ."